ಎಮಿಲ್‌ನ ಜಾಕೆಟ್ಟು

ಬೀರುವಿನ ಬಾಗಿಲು ಕಿತ್ತುಬಂದಿತ್ತು. ಆಲ್ಬಮ್ ಇರಲಿಲ್ಲ.

ಲಿಯಾಂಡರ್ ಖಾಲಿ ಖಾನೆಯಲ್ಲಿ ಕೈಯಾಡಿಸಿದ. ನ್ಯೂ ಆರ್ಲಿಯನ್ಸಿನ ಆ ನೂರೈವತ್ತು ವರ್ಷದ ಮನೆಯನ್ನು ಅವನು ವಸತಿಗೃಹ ಮಾಡಿದ್ದೇ ತನ್ನಂಥವರಿಗಾಗಿ—ಗಂಡಸರನ್ನೇ ಪ್ರೀತಿಸುವ, ತಮ್ಮೂರಲ್ಲಿ ಟೈ ಕಟ್ಟಿ, ಇಲ್ಲಿ ಮಾತ್ರ ಕರಿ ಚರ್ಮದ ಉಡುಪು ತೊಡುವ ಗಂಡಸರಿಗಾಗಿ. ಹತ್ತು ವರ್ಷದ ಮುಖಗಳೆಲ್ಲ ಆ ಆಲ್ಬಮಿನಲ್ಲಿದ್ದವು. ಅರ್ಧ ಜನ ಆಗಲೇ ಏಡ್ಸ್‌ಗೆ ಬಲಿಯಾಗಿದ್ದರು. ಉಳಿದವರ ಫೋಟೋ ಹೊರಬಿದ್ದರೆ? ನೌಕರಿ, ಮಕ್ಕಳು—ಎಲ್ಲ ಮುಗಿಯಿತು!

"ಪೊಲೀಸ್ರನ್ನ ಕರೀಲಾ?" ಲಿಯಾಂಡರ್ ಕೇಳಿದ.

"ಕರಿ. ಕಳ್ಳನ್ನ ಬಿಟ್ಟು ನಮ್ಮನ್ನ ಎಳ್ಕೊಂಡು ಹೋಗ್ತಾರೆ," ಎಂದ ಓಡೆಲ್. ಅತಿಥಿಗಳ ಬೂಟಿಗೆ ಪಾಲಿಶ್ ಹಾಕುವವನು. ಚರ್ಮದ ಮರ್ಮ ಬಲ್ಲವನು.

ಆ ವಾರ ಇದ್ದವರು ಇಬ್ಬರೇ ಅತಿಥಿಗಳು. ಮಿಸಿಸಿಪ್ಪಿಯ ಮೇಷ್ಟ್ರು ಥರ್ಮನ್, ಕಾಫಿ ಕಪ್ಪು ಹಿಡಿದೇ ಇನ್ನೊಬ್ಬ ಅತಿಥಿ ಡ್ವೈಟ್‌ನತ್ತ ಬೆರಳು ತೋರಿಸಿದ.

"ಈ ಡ್ವೈಟೇ! ಇವನ ಜಾಕೆಟ್ಟು ಹೊಸದು, ಇನ್ನೂ ಕಿರ್ ಅಂತದೆ. ಫೋಟೋ ಹುಡುಕ್ಕೊಂಡು ಬಂದ ಪೇಪರ್‌ನೋನೇ ಇರ್ಬೇಕು!"

"ಹೊಸಬ ಅಂದ್ರೆ ಕಳ್ಳನೇನಯ್ಯಾ?" ಡ್ವೈಟ್ ಎದ್ದು ನಿಂತ.

ಓಡೆಲ್ ಬೀರುವಿನ ಪಕ್ಕ ನೇತಾಡುತ್ತಿದ್ದ ಜಾಕೆಟ್ಟಿಗೆ ಮೂಗು ಹಚ್ಚಿದ. ಅದು ಲಿಯಾಂಡರನ ಸತ್ತ ಸಂಗಾತಿ ಎಮಿಲ್‌ನದು.

"ಇದನ್ನ ಯಾರು ಮುಟ್ಟಿದ್ರು?"

"ಯಾರೂ ಇಲ್ಲ. ಕೇಳ್ದೆ ಇನ್ನೊಬ್ಬನ ಚರ್ಮದ ಉಡುಪು ಮುಟ್ಟೋದುಂಟಾ?" ಎಂದ ಲಿಯಾಂಡರ್.

"ಮುಟ್ಟಿದಾರೆ. ಬೀರು ಕೀಳುವಾಗ ಇದು ಬಿದ್ದಿದೆ—ಹೆಗಲಲ್ಲಿ ಹೊಸ ಗೀರು. ಹೊರಗಿನವನಾದ್ರೆ ತುಳ್ಕೊಂಡು ಹೋಗ್ತಿದ್ದ. ಇವನು ಎತ್ತಿ, ಗೀರಿಗೆ ಮೇಣ ತಿಕ್ಕಿ, ಭುಜ ಸರಿಮಾಡಿ ನೇತುಹಾಕಿದಾನೆ. ಆ ಅವಸರದಲ್ಲೂ! ಡ್ವೈಟ್‌ಗೆ ಅಷ್ಟು ತಿಳೀದು. ನಿನ್ನೆ ಒದ್ದೆ ಬೂಟನ್ನ ಒಲೆ ಮುಂದೆ ಇಟ್ಟು, ಚರ್ಮ ಬಿರಿಯುತ್ತೆ ಅಂತ ನನ್ನ ಹತ್ರ ಬೈಸ್ಕೊಂಡ. ಮೇಣಕ್ಕೆ ಜೇನಿನ ವಾಸನೆ. ತನ್ನ ಮನೇಲಿ ಜೇನುಮೇಣ ಕಾಯಿಸಿ ಇಲ್ಲಿಗೆ ತರೋನು ಒಬ್ಬನೇ. ಮೂರು ದಿನದಿಂದ ಅವನ ಬೂಟಿಗೆ ಅದನ್ನೇ ಹಚ್ತಿದೀನಿ. ಅಲ್ವಾ, ಥರ್ಮನ್?"

ಥರ್ಮನ್‌ನ ಕೈಯಿಂದ ಕಪ್ಪು ಬಿತ್ತು.

"ಸೋಮವಾರ ಕೋರ್ಟು. ಮಗಳು ನಂಗೋ ಅವಳಮ್ಮನಿಗೋ... ಹೆಂಡ್ತಿ ಕಡೆ ಲಾಯರು ಸಾಕ್ಷಿ ಹುಡುಕ್ಕೊಂಡು ಈ ಬೀದಿ ತನಕ ಬಂದಿದ್ದನಂತೆ. ನನ್ನದೊಂದೇ ಫೋಟೋ ಬೇಕಿತ್ತು. ಹೆಜ್ಜೆ ಸಪ್ಪಳ ಕೇಳ್ತು—ಇಡೀದನ್ನ ಎತ್ಕೊಂಡೆ."

"ಕೇಳಿದ್ರೆ ಕೊಡ್ತಿರಲಿಲ್ವೇನೋ, ಪಾಪಿ!" ಎಂದ ಲಿಯಾಂಡರ್.

ಥರ್ಮನ್‌ನ ಹಾಸಿಗೆಯಡಿಯಿಂದ ಆಲ್ಬಮ್ ಬಂತು. ಫೋಟೋದಲ್ಲಿ ಅದೇ ಜಾಕೆಟ್ಟಿನ ಎಮಿಲ್, ಥರ್ಮನ್‌ನ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದ. ಲಿಯಾಂಡರ್ ಕತ್ತರಿ ಕೊಟ್ಟ.

"ನಿನ್ನನ್ನ ಕತ್ತರಿಸ್ಕೋ. ಅವನನ್ನ ಬಿಡು."

ಥರ್ಮನ್ ಕತ್ತರಿಸಿದ. ಎಷ್ಟು ಜೋಪಾನ ಮಾಡಿದರೂ ಎಮಿಲ್‌ನ ನಾಲ್ಕು ಬೆರಳು ಥರ್ಮನ್‌ನ ಹೆಗಲ ಜೊತೆಗೇ ಹೋದವು.

ಹೊರಗೆ ಗೇಟಿನ ಬಳಿ ಕಾರೊಂದು ನಿಧಾನವಾಯಿತು. ಲಾಯರೋ, ಪೊಲೀಸೋ? ಅದು ಮುಂದೆ ಹೋಗುವ ತನಕ ನಾಲ್ವರೂ ಕಿಟಕಿಯಿಂದ ಸರಿದು ನಿಂತರು.