ಕಿರೀಟವಿಲ್ಲದ ಮದುವಣಗಿತ್ತಿ

"ಮೇಡಂ, ಮುಟ್ಟಬೇಡಿ! ಬಣ್ಣ ಇನ್ನೂ ಹಸಿ ಇದೆ. ಬಾಡಿಗೆ ಉಡುಪಲ್ಲಿ ಫೋಟೋ ತೆಗೆಸ್ಕೊಳ್ಳೋ ಜಾಗ ಹೊರಗಿದೆ."

ರಾಗ್ನಿಯ ಬೆರಳು ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಹಾಗೇ ನಿಂತಿತು.

ನಿಧಾನವಾಗಿ ತಿರುಗಿದಳು. ಎದುರಿಗೆ ಎತ್ತರದ ಯುವಕನೊಬ್ಬ ನಿಂತಿದ್ದ. ಅಂಗಿಯ ತುಂಬ ಮರದ ಹೊಟ್ಟು. ನೀಲಿ ಕಣ್ಣುಗಳಲ್ಲಿ ತುಂಬು ವಿನಯ... ಆ ವಿನಯವೇ ಅವಳ ಮೈ ಉರಿಸಿತು!

"ಬಾಡಿಗೆ ಉಡುಪಾ?" ಅವಳು ತನ್ನ ಎದೆಯ ಮೇಲಿನ ಬೆಳ್ಳಿ ಪದಕವನ್ನು ಮುಟ್ಟಿ ತೋರಿಸಿದಳು. ಅದರ ಪುಟ್ಟ ಬಿಲ್ಲೆಗಳು ಕಿಣಿಕಿಣಿ ಎಂದವು. "ಇದು ನಮ್ಮಜ್ಜಿದು. ಈ ಲಂಗದ ಕಸೂತಿ ನಂದು, ಒಂದೊಂದು ಹೊಲಿಗೆನೂ. ಇನ್ನು ನೀವು ಕಾವಲು ಕಾಯ್ತಿರೋ ಈ ಪೆಟ್ಟಿಗೆ ಇದೆಯಲ್ಲ, ಇದರ ಮೇಲಿನ ಬಳ್ಳಿ, ಹೂವು, ಎಲೆ... ಅದೂ ನಂದೇ. ಬಣ್ಣ ಹಸಿ ಇದ್ಯೋ ಒಣಗಿದ್ಯೋ ನೋಡೋಕೆ ಬಂದೆ. ತಮ್ಮ ಅಪ್ಪಣೆ ಆಗ್ಬೇಕಾ?"

ಅವನ ಮುಖ ಬೀಟ್‌ರೂಟ್ ಆಯಿತು.

ಗಾಬರಿಯಲ್ಲಿ ತನ್ನ ನಾರ್ವೆಯ ಭಾಷೆಯಲ್ಲೇ ಏನೋ ಕ್ಷಮೆ ತೊದಲಿದ. ರಾಗ್ನಿ ಅದೇ ಭಾಷೆಯಲ್ಲಿ ಫಟ್ಟನೆ ಉತ್ತರ ಕೊಟ್ಟಳು.

ಅವನ ಬಾಯಿ ತೆರೆದೇ ಉಳಿಯಿತು. "ಇದು... ಇದು ನಮ್ಮ ಕಣಿವೆ ಮಾತು! ನಮ್ಮ ಮುತ್ತಜ್ಜಿ ಹೀಗೇ ಮಾತಾಡ್ತಿದ್ರು. ಈಗ ಅಲ್ಲೂ ಯಾರೂ ಆಡಲ್ಲ!"

"ನಿಮ್ಮ ಮುತ್ತಜ್ಜಿಗೆ ಮಾತಿನ ಜೊತೆ ಮರ್ಯಾದೆನೂ ಇತ್ತು ಅನ್ಸುತ್ತೆ!"

ಲಂಗ ಝಾಡಿಸಿಕೊಂಡು ಹೊರಟೇಬಿಟ್ಟಳು ರಾಗ್ನಿ ಬೆರ್ಗುಮ್.

ಮಿನೆಸೋಟಾದ ನೂರ್ಡಾಲ್ ಎಂಬ ಆ ಪುಟ್ಟ ಊರಿನಲ್ಲಿ ರಾಗ್ನಿ ಯಾವ ಕಡೆಯವಳು, ಯಾರ ಪೈಕಿ ಎಂದು ಕೇಳುವವರೇ ಇರಲಿಲ್ಲ. ಕೊರಿಯಾದ ಬೂಸಾನ್ ನಗರದಲ್ಲಿ ಹುಟ್ಟಿದ ಕೂಸನ್ನು ಆರ್ಲಿಸ್ ಮತ್ತು ಆರ್ನೆ ಬೆರ್ಗುಮ್ ದಂಪತಿ ಮಡಿಲಿಗೆ ಹಾಕಿಕೊಂಡಾಗ ಚರ್ಚಿನ ಹೆಂಗಸರೆಲ್ಲ ಸೇರಿ ಕುಲಾವಿ ಹೆಣೆದಿದ್ದರು. ಕೈಗೆ ಕುಂಚ ಕೊಟ್ಟವಳು ಅಜ್ಜಿ ಬೋರ್ಗ್‌ಹಿಲ್ಡ್. ಹಡಗಿನಲ್ಲಿ ಬಂದ ಹಿರಿಯರು ಪೆಟ್ಟಿಗೆ, ತೊಟ್ಟಿಲು, ಬಟ್ಟಲುಗಳ ಮೇಲೆ ಬರೆಯುತ್ತಿದ್ದ ಹೂಬಳ್ಳಿಯ ಚಿತ್ತಾರವೂ ಅವರ ಕಣಿವೆಯ ಮಾತೂ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದಿದ್ದವು. ಈಗ ಸುತ್ತಮುತ್ತಲ ಊರುಗಳಲ್ಲೇ ಅವಳಂಥ ಕೈ ಇನ್ನೊಂದಿರಲಿಲ್ಲ.

ಊರಿನವರು ಕೇಳುತ್ತಿರಲಿಲ್ಲ, ನಿಜ. ಆದರೆ ಹೊರಗಿನಿಂದ ಬಂದವರು ಒಂದು ಸಲವೂ ಬಿಡುತ್ತಿರಲಿಲ್ಲ.

'ಇವನೂ ಅವರಲ್ಲೊಬ್ಬ' ಎಂದುಕೊಂಡಳು.

ಅವನ ಹೆಸರು ಅಸ್ಲಾಕ್. ಜನಪದ ಕಲಾಶಾಲೆಯಲ್ಲಿ ಮರದ ಕೆತ್ತನೆ ಕಲಿಸಲು ಒಂದು ವರ್ಷದ ಮಟ್ಟಿಗೆ ನಾರ್ವೆಯಿಂದ ಬಂದವನು. ಅವನು ಕೆತ್ತುವ ಬಟ್ಟಲುಗಳಿಗೆ ಬಣ್ಣ ಬರೆಯಬೇಕಾದವಳು... ಬೇರೆ ಯಾರು? ರಾಗ್ನಿಯೇ!

ಮಾರನೆಯ ದಿನವೇ ಅಸ್ಲಾಕ್ ಅವಳ ಕೋಣೆಯ ಬಾಗಿಲಲ್ಲಿ ನಿಂತ.

"ನಿನ್ನೆ ನಾನು ಆಡಿದ್ದು ತಪ್ಪು. ಮುಖ ನೋಡಿ ಮಾತಾಡಿಬಿಟ್ಟೆ. ನಾಚಿಕೆ ಆಗ್ತಿದೆ."

ನೆಪವಿಲ್ಲ, ಸಮಜಾಯಿಷಿ ಇಲ್ಲ. ರಾಗ್ನಿ ತಲೆ ಎತ್ತಿ ನೋಡಿದಳು.

"ಆಗಲಿ ಬಿಡಿ. ಸ್ವಲ್ಪ ನಾಚಿಕೆ ಆರೋಗ್ಯಕ್ಕೆ ಒಳ್ಳೇದು," ಎಂದಳು. ಆದರೆ ಕುರ್ಚಿಯ ಮೇಲಿದ್ದ ಬಣ್ಣದ ಡಬ್ಬಿಗಳನ್ನು ಎತ್ತಿಟ್ಟು ಅವನಿಗೆ ಜಾಗ ಮಾಡಿಕೊಟ್ಟಳು.

ಆ ಚಳಿಗಾಲವೆಲ್ಲ ಹಿಮ ಕಿಟಕಿಯ ಎತ್ತರಕ್ಕೆ ಬಿದ್ದಿತ್ತು. ಒಳಗೆ ಒಲೆಯ ಪಕ್ಕ ಅವನ ಉಳಿಯ ಸದ್ದು, ಅವಳ ಕುಂಚದ ಮೌನ. ಕುದುರೆ ಮುಖದ ಹಿಡಿಕೆಗಳ ಬಟ್ಟಲು ಅವನ ಕೈಯಿಂದ ಅವಳ ಕೈಗೆ ದಾಟುತ್ತಿತ್ತು.

"ಈ ಕುದುರೆ ಯಾಕೆ ಹೀಗೆ ಮುಖ ಊದಿಸ್ಕೊಂಡಿದೆ?" ಒಂದು ದಿನ ಕೇಳಿದಳು.

"ನಿನ್ನ ನೋಡ್ಕೊಂಡೇ ಕೆತ್ತಿದ್ದು."

"ಓಹೋ! ಹಾಗಾದ್ರೆ ಈ ಕಡೆ ಕುದುರೆಯ ಉದ್ದ ಕಿವಿ ಯಾರನ್ನ ನೋಡಿ ಕೆತ್ತಿದ್ದು? ಕನ್ನಡಿನಾ?"

ಅವನು ಗಹಗಹಿಸಿ ನಕ್ಕ. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಭಾನುವಾರಗಳಲ್ಲಿ ಅಮ್ಮ ಆರ್ಲಿಸ್ ಹೆಂಚಿನ ಮೇಲೆ ಬೇಯಿಸುವ ಲೆಫ್ಸೆ ಎಂಬ ತೆಳ್ಳನೆಯ ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ತಿನ್ನಲು ಅವನೂ ಬರತೊಡಗಿದ. ಬೋರ್ಗ್‌ಹಿಲ್ಡ್ ಅಜ್ಜಿ ಅವನನ್ನು ಕನ್ನಡಕದ ಮೇಲಿಂದ ಅಳೆದು ನೋಡಿ, "ಹುಡುಗ ಪರವಾಗಿಲ್ಲ. ಆದ್ರೆ ತಿನ್ನೋದು ಜಾಸ್ತಿ," ಎಂದಿದ್ದಳು.

ಒಮ್ಮೆ ಅವಳ ಕೆನ್ನೆಗೆ ಹತ್ತಿದ ನೀಲಿ ಬಣ್ಣವನ್ನು ಅವನು ಹೆಬ್ಬೆರಳಿನಿಂದ ಒರೆಸಿದ. ಬಣ್ಣ ಹೋಯಿತು. ಬೆರಳು ಮಾತ್ರ ಒಂದು ಕ್ಷಣ ಹೆಚ್ಚೇ ಅಲ್ಲಿ ಉಳಿಯಿತು...

'ಅಯ್ಯೋ ರಾಗ್ನಿ, ಇವನು ಬೇಸಿಗೆಗೆ ವಾಪಸ್ ಹೋಗೋನು ಕಣೇ!' ಅವಳ ಮನಸ್ಸು ಎಚ್ಚರಿಸಿತು. ಹೃದಯ ಕೇಳಿಸಿಕೊಂಡರೆ ತಾನೇ?

ಹಿಮ ಕರಗಿತು. ಮೇ ಹದಿನೇಳು ಹತ್ತಿರ ಬಂತು. ನಾರ್ವೆ ಮೂಲದವರ ಆ ದೊಡ್ಡ ಹಬ್ಬದಂದು ನೂರ್ಡಾಲಿನಲ್ಲಿ ಹಳೇ ಕಾಲದ ಮದುವೆ ದಿಬ್ಬಣದ ನೆನಪಿಗೆ ಮೆರವಣಿಗೆ ಹೊರಡುತ್ತದೆ. ಮುಂದೆ ಪಿಟೀಲು, ಹಿಂದೆ ಊರು. ನಡುವೆ ಬೆಳ್ಳಿ ಕಿರೀಟ ತೊಟ್ಟ ಮದುವಣಗಿತ್ತಿ. ಪ್ರತಿ ವರ್ಷ ಊರಿನ ಕಲೆಗೆ ದುಡಿದ ಒಬ್ಬ ಹೆಣ್ಣಿಗೆ ಆ ಗೌರವ. ಈ ಸಲ ರಾಗ್ನಿಯ ಸರದಿ. ಅಜ್ಜಿಯೂ ಒಂದು ಕಾಲಕ್ಕೆ ಅದನ್ನು ತೊಟ್ಟು ನಡೆದವಳೇ.

ಹಬ್ಬಕ್ಕೆ ವಾರವಿರುವಾಗ ಸಮಿತಿಯ ಅಧ್ಯಕ್ಷ ಮಾರ್ವಿನ್ ಓಸ್ಟ್ರೆಮ್ ಅವಳ ಕೋಣೆಗೆ ಬಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಲೇ ನಿಂತ.

"ರಾಗ್ನಿ... ಈ ಸಲ ಟಿವಿಯವರು ಬರ್ತಿದ್ದಾರೆ. ನಾರ್ವೆಯಿಂದ ಅತಿಥಿಗಳೂ ಬರ್ತಾರೆ. ಕಿರೀಟ ನಿನ್ನ ಹತ್ರ ಚಿತ್ತಾರ ಕಲಿತ ನಮ್ಮ ಬ್ರಿಟಾ ಹಾಕ್ಕೊಳ್ಳಲಿ ಅಂತ... ಅವಳ ಹೊಂಬಣ್ಣದ ಜಡೆ, ಅದೂ ಇದೂ... ನೋಡೋರಿಗೆ ಅರ್ಥ ಆಗುತ್ತೆ."

"ಏನು ಅರ್ಥ ಆಗುತ್ತೆ, ಮಾಮಾ?"

ಮಾರ್ವಿನ್ ಗಂಟಲು ಸರಿ ಮಾಡಿಕೊಂಡ. "ನಾನೊಬ್ಬನೇ ಹೇಳ್ತಿಲ್ಲಮ್ಮ. ಅಸ್ಲಾಕ್‌ನನ್ನೂ ಕೇಳಿದೆ. 'ಕಿರೀಟ ಮನೆಮಗಳ ತಲೆ ಮೇಲೇ ಇರ್ಬೇಕು' ಅಂದ. ನಾರ್ವೆಯವನ ಮಾತನ್ನ ತಳ್ಳಿ ಹಾಕೋಕಾಗುತ್ತಾ?"

ರಾಗ್ನಿ ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟಳು.

ಅಸ್ಲಾಕ್... ಅಸ್ಲಾಕ್ ಹೀಗೆಂದನೇ? ಅಮ್ಮನ ಕೈಯ ಲೆಫ್ಸೆ ತಿಂದವನು? ತನ್ನ ಕೆನ್ನೆ ಮುಟ್ಟಿದವನು?

ಆ ಸಂಜೆ ಅವನ ಬಟ್ಟಲು ಬಣ್ಣವಿಲ್ಲದೆ ಅವನ ಮೇಜಿಗೆ ವಾಪಸಾಯಿತು. ಅವನು ಓಡಿ ಬಂದು ಬಾಗಿಲು ಬಡಿದ.

"ರಾಗ್ನಿ! ಏನಾಯ್ತು? ನಾನೇನ್ ಮಾಡ್ದೆ?"

"ನಿನ್ನನ್ನೇ ಕೇಳ್ಕೋ!"

"ಕೇಳ್ಕೊಂಡೆ! ಗೊತ್ತಾಗ್ಲಿಲ್ಲ!"

"ಹಾಗಾದ್ರೆ ಊರಿಗೆ ಹೋಗಿ ನಿಧಾನಕ್ಕೆ ಕೇಳ್ಕೋ. ಟಿಕೆಟ್ ಹೇಗೂ ಇದೆಯಲ್ಲ!"

ಬಾಗಿಲು ತೆರೆಯಲಿಲ್ಲ. ವಾರವಿಡೀ ತೆರೆಯಲಿಲ್ಲ.

ಹಬ್ಬದ ಹಿಂದಿನ ದಿನ ಅವಳು ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. "ನಾನು ನಾಳೆ ಬರಲ್ಲ ಅಜ್ಜಿ. ಮನೇಲೇ ಇರ್ತೀನಿ."

ಅಜ್ಜಿ ಅವಳ ತಲೆ ಸವರಲಿಲ್ಲ. ಕಿವಿ ಹಿಡಿದು ಎತ್ತಿದಳು.

"ಉಫ್ ದಾ! ಯಾರಿಂದ ಕಲಿತೆ ಈ ಅಳು? ನಮ್ಮಮ್ಮ ಈ ದೇಶಕ್ಕೆ ಬಂದಾಗ ಅಕ್ಕಪಕ್ಕದ ಇಂಗ್ಲಿಷಿನವರು ಮೂಗು ಮುಚ್ಕೊಂಡಿದ್ರಂತೆ, ಮೀನಿನ ವಾಸನೆ ಅಂತ. ಅವಳೇನು ಮೀನು ಬೇಯಿಸೋದು ಬಿಟ್ಲಾ? ಕಿಟಕಿ ತೆಗೆದಿಟ್ಟು ಬೇಯಿಸಿದ್ಲು! ಇಡೀ ಬೀದಿಗೆ ಬರಲಿ ವಾಸನೆ ಅಂತ!"

ರಾಗ್ನಿ ಕಣ್ಣೀರಿನ ನಡುವೆಯೇ ನಕ್ಕಳು.

ಆ ನಗು ನಿಂತಾಗ ಅವಳ ದವಡೆ ಬಿಗಿದಿತ್ತು.

ಬೆಳಿಗ್ಗೆ ಸಭಾಭವನದ ಅಂಗಳದಲ್ಲಿ ಊರೇ ಸೇರಿತ್ತು. ರಾಗ್ನಿ ತಾನೇ ಕಸೂತಿ ಹಾಕಿದ ಉಡುಪಿನಲ್ಲಿ, ಎದೆಯ ಮೇಲೆ ಬೆಳ್ಳಿ ಪದಕ ಹೊಳೆಯುತ್ತಿರಲು, ಬರಿದಲೆಯಲ್ಲಿ ನೇರ ಮುಂದಕ್ಕೆ ನಡೆದು ಬಂದಳು. ಪಿಟೀಲಿನವರ ಬೆನ್ನಿಗೆ, ಮದುವಣಗಿತ್ತಿ ನಿಲ್ಲುವ ಜಾಗದಲ್ಲಿ ನಿಂತಳು.

ಮಾರ್ವಿನ್ ಓಡೋಡಿ ಬಂದ. "ರಾಗ್ನಿ, ನೀನು ಊಟ ಬಡಿಸೋರ ಜೊತೆ ಹಿಂದೆ..."

"ಇಲ್ಲ ಮಾಮಾ. ನಾನು ಇಲ್ಲೇ ನಡೀತೀನಿ."

"ಕ್ಯಾಮೆರಾ ಇದೆಯಮ್ಮಾ!"

"ಇರ್ಲಿ, ಚೆನ್ನಾಗಿ ತೆಗೀಲಿ!" ಅವಳ ದನಿ ಅಂಗಳದ ಕೊನೆಗೂ ಮುಟ್ಟಿತು. "ನಿಮ್ಮ ತಾತ ಮೀಸೆ ಬಂದ ಮೇಲೆ ಹಡಗು ಹತ್ತಿ ಇಲ್ಲಿಗೆ ಬಂದ್ರು. ನಾನು ಹಲ್ಲು ಬರೋ ಮುಂಚೆ ಬಂದೆ. ಈ ಊರು ನಂಗೆ ಅವರಿಗಿಂತ ಜಾಸ್ತಿ ಗೊತ್ತು! ನಿಮ್ಮನೆ ತೊಟ್ಟಿಲಿಗೆ ಬಣ್ಣ ಹಚ್ಚಿದ್ದು ಯಾರು? ಚರ್ಚಿನ ಬಾಗಿಲಿಗೆ ಹೂವು ಬರೆದಿದ್ದು ಯಾರು? ಆಗ ಯಾರೂ ನನ್ನ ಕೂದಲಿನ ಬಣ್ಣ ಕೇಳ್ಲಿಲ್ಲ. ಕಿರೀಟ ಇಟ್ಕೊಳ್ಳಿ ಮಾಮಾ, ಕೇಳಲ್ಲ. ಜಾಗ ಮಾತ್ರ ಬಿಡಲ್ಲ."



ಕಿರೀಟ ತೊಟ್ಟು ನಿಂತಿದ್ದ ಬ್ರಿಟಾ ಅದನ್ನು ತೆಗೆದು ಮಾರ್ವಿನ್ ಕೈಗೆ ತುರುಕಿದಳು. "ನಂಗೆ ಬೇಡ. ನಂಗೆ ಕುಂಚ ಹಿಡಿಯೋದು ಕಲಿಸಿದ್ದೇ ರಾಗ್ನಿ ಅಕ್ಕ. ಇದು ಅವಳ ಸರದಿ ಅಂತ ಮೊದಲೇ ಹೇಳಿದ್ದಿದ್ರೆ ನಾನು ಒಪ್ತಾನೇ ಇರ್ಲಿಲ್ಲ!"

ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಬೋರ್ಗ್‌ಹಿಲ್ಡ್ ಪಿಟೀಲಿನವರತ್ತ ಕೋಲು ಝಳಪಿಸಿದಳು. "ಏನ್ ನೋಡ್ತಿದ್ದೀರೋ? ನುಡಿಸ್ರೋ!"

ಪಿಟೀಲಿನ ದನಿ ಎದ್ದಿತು. ದಿಬ್ಬಣ ಹೊರಟಿತು.

ಮುಖ್ಯ ಬೀದಿಗೆ ಬರುವಷ್ಟರಲ್ಲಿ ಅವಳ ಪಕ್ಕದ ಖಾಲಿ ಜಾಗಕ್ಕೆ ಯಾರೋ ಏದುಸಿರು ಬಿಡುತ್ತ ಬಂದು ಸೇರಿದರು. ನೋಡದೆಯೇ ಗೊತ್ತಾಯಿತು. ಅಂಗಿಯಿಂದ ಮರದ ಘಮ.

"ಹೋಗು ಇಲ್ಲಿಂದ," ಜನರತ್ತ ಕೈ ಬೀಸಿ ನಗುತ್ತಲೇ ಹಲ್ಲು ಕಚ್ಚಿ ಹೇಳಿದಳು.

"ಹೋಗಲ್ಲ," ಅವನೂ ಕೈ ಬೀಸುತ್ತ ಹೇಳಿದ. "ನನ್ನ ಹೆಸರು ಹೇಳಿ ಮಾರ್ವಿನ್ ಕಿರೀಟ ಬ್ರಿಟಾಗೆ ಕೊಟ್ಟ ಅಂತ ಈಗ ತಾನೇ ಅವಳೇ ಹೇಳಿದ್ಲು."

"ಮನೆಮಗಳು ಅಂದ್ಯಂತೆ."

"ಅಂದೆ! ಬಾಯ್ತುಂಬ ಅಂದೆ!"

"ನಾಚಿಕೆ ಇಲ್ವಾ?"

"ಅಯ್ಯೋ ಕುದುರೆ ಮುಖದವಳೇ! ಕಿರೀಟ ಮನೆಮಗಳಿಗೆ ಸೇರ್ಬೇಕು ಅಂದಿದ್ದು ನಿನ್ನನ್ನೇ! ಈ ಊರಿನ ಮನೆಮಗಳು ಅಂದ್ರೆ ನೀನಲ್ದೆ ಇನ್ಯಾರು ಅನ್ಕೊಂಡೆ?"

ರಾಗ್ನಿ ಕೈ ಬೀಸುವುದನ್ನು ನಿಲ್ಲಿಸಿದಳು. ನಂಬಲೇ? ಮನಸ್ಸು ಹಾರಿಹೋಗಲು ಸಿದ್ಧವಾಗಿತ್ತು, ಸ್ವಾಭಿಮಾನ ರೆಕ್ಕೆ ಹಿಡಿದು ನಿಂತಿತು.

"ಸುಳ್ಳು. ನಂಗೆ ಸಮಾಧಾನ ಮಾಡೋಕೆ ಹೇಳ್ತಿದ್ದೀಯ."

ಅಸ್ಲಾಕ್ ಅಲ್ಲೇ ನಿಂತ. ಹಿಂದೆ ಇಡೀ ದಿಬ್ಬಣವೂ ನಿಂತಿತು. ಅವನು ತಿರುಗಿ ಕೂಗಿದ. "ಮಾರ್ವಿನ್! ಮನೆಮಗಳು ಅಂತ ನಾನು ಹೇಳಿದ್ದು ಬ್ರಿಟಾನ ಅಂತ ನಿಮಗೆ ಯಾರು ಹೇಳಿದ್ರು?"

"ಯಾ... ಯಾರೂ ಹೇಳ್ಲಿಲ್ಲ. ನಾನೇ ಅನ್ಕೊಂಡೆ."

"ನಾನು ರಾಗ್ನಿ ಬಗ್ಗೆ ಹೇಳಿದ್ದು! ಇನ್ನೊಂದ್ ಸಲ ಹೇಳ್ತೀನಿ, ಟಿವಿಯವರೂ ಕೇಳಿಸ್ಕೊಳ್ಳಿ. ರಾಗ್ನಿ!"

ಬೀದಿಯ ಎರಡೂ ಬದಿಯಿಂದ ಚಪ್ಪಾಳೆ, ಶಿಳ್ಳೆ! ಮಾರ್ವಿನ್ ಕೆಂಪಾಗಿ, ಕಿರೀಟವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ. ಅವನ ಕಣ್ಣುಗಳು ನಿಜಕ್ಕೂ ಒದ್ದೆಯಾಗಿದ್ದವು.

"ತಪ್ಪಾಯ್ತು ಮಗಳೇ. ನಾಲ್ಕು ಜನ ಏನಂತಾರೋ ಅಂತ ಹೆದರಿಬಿಟ್ಟೆ. ತಗೋ, ಇದು ನಿಂದು."

ರಾಗ್ನಿ ಕಿರೀಟವನ್ನು ನೋಡಿದಳು. ಅದರ ಮೇಲೆ ಅವಳಿಗೆ ಎಷ್ಟು ಆಸೆಯಿತ್ತು!

"ಬೇಡ ಮಾಮಾ."

"ಆಂ?"

"ಈ ವರ್ಷ ಹೀಗೇ ನಡೀತೀನಿ. ಈ ಕಪ್ಪು ಕೂದಲು ಎಲ್ಲರಿಗೂ ಚೆನ್ನಾಗಿ ಕಾಣಲಿ. ಮುಂದಿನ ವರ್ಷ ಕೇಳಿ. ಯೋಚನೆ ಮಾಡ್ತೀನಿ!"

ಅಜ್ಜಿಯ ನಗು ಪಿಟೀಲಿಗಿಂತ ಜೋರಾಗಿ ಕೇಳಿಸಿತು.

ಸಂಜೆ ಊಟವೆಲ್ಲ ಮುಗಿದ ಮೇಲೆ ಇಬ್ಬರೂ ಹೊಳೆಯ ದಂಡೆಯಲ್ಲಿ ಕುಳಿತಿದ್ದರು. ಇಳಿಬಿಸಿಲು ನೀರಿನ ಮೇಲೆ ಮಿನುಗುತ್ತಿತ್ತು.

"ವಾರವೆಲ್ಲ ಬಾಗಿಲು ತೆಗೀಲಿಲ್ಲ ನಾನು," ಎಂದಳು ರಾಗ್ನಿ ಮೆಲ್ಲಗೆ. "ಒಂದು ಮಾತು ಕೇಳ್ಬೇಕಿತ್ತು ನಿನ್ನ."

"ಮೊದಲ ದಿನ ನಾನು ಕೇಳದೇ ಮಾತಾಡಿದ್ದೆ. ನೀನು ನಂಬೋಕೆ ಕಾರಣ ಕೊಟ್ಟವನೂ ನಾನೇ ಅಲ್ವಾ?"

ಅವಳು ಒಮ್ಮೆಲೇ ಅಂದಳು, "ನೋಡು, ಈಗಲೇ ಹೇಳಿಬಿಡ್ತೀನಿ. ನಾನು ಈ ಊರು ಬಿಟ್ಟು ಎಲ್ಲಿಗೂ ಬರಲ್ಲ. ನಾರ್ವೆಗೂ ಇಲ್ಲ. ನಿನಗೋಸ್ಕರನೂ ಇಲ್ಲ."

"ಯಾರು ಕರೆದ್ರು ನಿನ್ನ?"

ಅವಳು ತಟ್ಟನೆ ಅವನತ್ತ ತಿರುಗಿದಳು. 'ಅಂದ್ರೆ...?'

ಅಸ್ಲಾಕ್ ಅವಳ ಕೈ ಹಿಡಿದ. "ನಾನೇ ಬರ್ತೀನಿ. ಊರಿಗೆ ಹೋಗಿ ಅಪ್ಪನಿಗೆ ಹೇಳಿ, ನನ್ನ ಉಳಿಗಳನ್ನೆಲ್ಲ ಕಟ್ಕೊಂಡು ವಾಪಸ್ ಬರ್ತೀನಿ. ನೀನಿಲ್ದೆ ಕೆತ್ತೋಕೆ ನನ್ನ ಕೈಲಾಗಲ್ಲ ರಾಗ್ನಿ. ಬದುಕೋಕೂ ಆಗಲ್ಲ ಅನ್ಸುತ್ತೆ. ಪ್ರೀತಿಸ್ತೀನಿ ಕಣೇ... ತುಂಬಾ."

ಇಡೀ ಊರಿನೆದುರು ತಲೆ ಎತ್ತಿ ನಿಂತಿದ್ದ ಹೆಣ್ಣು ಈಗ ತಲೆ ತಗ್ಗಿಸಿದಳು. ಕಣ್ಣೀರನ್ನು ಬಚ್ಚಿಡಲು.

"ನಾನೂ..." ಎಂದಳು. ಮುಂದಿನ ಮಾತು ಅವನ ಭುಜದಲ್ಲಿ ಹುದುಗಿಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಮುಖ ಎತ್ತಿದಾಗ ಅವಳ ಕಣ್ಣಲ್ಲಿ ತುಂಟತನ ಮರಳಿತ್ತು.

"ಯೋಚನೆ ಮಾಡು. ಇಲ್ಲಿಗೆ ಬಂದ್ರೆ ಹೊಸಬ ನೀನೇ. ಜನ ಬಿಡಲ್ಲ, ನೀವು ಯಾವ ಕಡೆಯವರು, ಯಾರ ಪೈಕಿ ಅಂತ ಕೇಳ್ತಾನೇ ಇರ್ತಾರೆ."

"ಏನ್ ಹೇಳ್ಲಿ ಆಗ?"

ರಾಗ್ನಿ ಅವನ ಅಂಗಿಯ ಮೇಲಿನ ಮರದ ಹೊಟ್ಟನ್ನು ಒಂದೊಂದಾಗಿ ಕೊಡವಿದಳು.

"ರಾಗ್ನಿ ಮನೆಯವರು ಅಂತ ಹೇಳಿ."