ಹಂಸದಂಚಿನ ಲಂಗ

ಸೆಪ್ಟೆಂಬರ್ ಹದಿನೇಳು, ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಉದ್ದನಪಲ್ಲಿ ಠಾಣೆಗೆ ಬಂದ ವನಿತಾ ಕುರ್ಚಿ ತೋರಿಸಿದರೂ ಕೂರಲಿಲ್ಲ. ಎಡಗೈಯಲ್ಲಿ ಆರು ವರ್ಷದ ಮಗಳು ಲಿಖಿತಾಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಲಗೈಯಲ್ಲಿದ್ದ ಗಂಟನ್ನು ಇನ್‌ಸ್ಪೆಕ್ಟರ್ ಚಂದ್ರಲೇಖಾಳ ಮೇಜಿನ ಮೇಲಿಟ್ಟು, ಇನ್ನು ಅದನ್ನು ತಾನು ಮುಟ್ಟುವುದಿಲ್ಲ ಎಂದಳು.

ಹಸಿರು ರವಿಕೆ ಕಣದ ಗಂಟು. ಬಿಚ್ಚಿದರೆ ಅರಿಸಿನದ ಕೊಂಬು, ಕುಂಕುಮದ ಪೊಟ್ಟಣ, ಎಲೆ ಅಡಿಕೆ, ಹಸಿರು ಗಾಜಿನ ಬಳೆಗಳು. ಬಳೆಗಳು ತೀರಾ ಚಿಕ್ಕವು. ಚಂದ್ರಲೇಖಾ ಒಂದನ್ನು ಎತ್ತಿ ಮಗುವಿನ ಕೈಯ ಪಕ್ಕ ಹಿಡಿದು ನೋಡಿದಳು. ಅಳತೆ ಕೊಟ್ಟು ತಂದ ಹಾಗಿತ್ತು.

ವನಿತಾಳ ಅಂಗಡಿಗೆ ಬಾಗಿಲೂ ಇಲ್ಲ, ಬೋರ್ಡೂ ಇಲ್ಲ, ಇರುವುದೆಲ್ಲ ಫೋನಿನಲ್ಲಿ. ರಾಯಕೋಟೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಹಿತ್ತಾಳೆ ಚೊಂಬು, ಮರದ ಸೇರು, ಜರಿ ಸೀರೆ ಹುಡುಕಿ ತರುವುದು, ತೊಳೆದು ಫೋಟೋ ತೆಗೆದು ಮಾರುವುದು. ಸೀರೆಗಳನ್ನು ಕತ್ತರಿಸಿ ಚೀಲ, ಕೌದಿ ಹೊಲಿಸುವುದು. ತಮ್ಮ ಅಜ್ಜಿಯ ಚೊಂಬನ್ನು ತೂಕಕ್ಕೆ ಹಾಕಿದವರೇ ಬೇರೆಯವರ ಅಜ್ಜಿಯ ಚೊಂಬನ್ನು ದುಡ್ಡು ಕೊಟ್ಟು ಕೊಂಡು ಷೋಕೇಸಿನಲ್ಲಿ ಇಡುತ್ತಾರೆ. ಈ ಮರ್ಮ ಗೊತ್ತಿದ್ದರಿಂದಲೇ ವನಿತಾಳ ವ್ಯಾಪಾರ ಚೆನ್ನಾಗಿ ನಡೆದಿತ್ತು, ಹೋದ ವಾರದ ತನಕ.

ಹೋದ ವಾರ ಹೊಸೂರಿನ ಒಬ್ಬ ಟೀಚರಮ್ಮನ ಮನೆಗೆ ಹೆಲ್ಮೆಟ್ ಹಾಕಿದವನೊಬ್ಬ ಬಂದು, ಚೀಲದ ಹೊಲಿಗೆ ಸರಿಯಿಲ್ಲ, ವಾಪಸು ಕೊಡಿ ಎಂದು ಒಯ್ದಿದ್ದ. ಆಮೇಲೆ ನೋಡಿದರೆ ಹೊಸಿಲ ಮೇಲೆ ಇಂಥದೇ ಗಂಟು. ಕೃಷ್ಣಗಿರಿಯಲ್ಲಿ ಸ್ಕೂಟರಿಗೆ ನೇತುಹಾಕಿದ್ದ ಚೀಲ ಮಾಯವಾಗಿ ಅದೇ ಕೊಕ್ಕೆಯಲ್ಲಿ ಗಂಟು ತೂಗುತ್ತಿತ್ತು. ಸೋಮವಾರ ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರ ಬೈಕಿನವನು ಚೀಲ ಕಿತ್ತುಕೊಂಡಾಗ ಹೆಂಗಸು ಬಿದ್ದು ಕೈ ಮುರಿದುಕೊಂಡಿದ್ದಳು. ಅವನು ಪರ್ಸು, ಫೋನನ್ನು ಅಲ್ಲೇ ಸುರಿದು, ಗಂಟನ್ನು ಅವಳ ಪಕ್ಕಕ್ಕೆ ಎಸೆದು, ಬರೀ ಚೀಲ ಒಯ್ದಿದ್ದ. ಈಗ ಆ ಹೆಂಗಸಿಗೆ ಜ್ವರ ಬಿಟ್ಟಿಲ್ಲ, ಮಾಟ ಎಂದು ಮಂತ್ರಿಸುವವರನ್ನು ಕರೆಸಿದ್ದಾರೆ.

ಇವತ್ತು ಬೆಳಿಗ್ಗೆ ಗಂಟು ಇದ್ದದ್ದು ವನಿತಾಳ ಹಿತ್ತಲಿನ ಬಟ್ಟೆ ತಂತಿಯ ಕೆಳಗೆ.

“ತಂತಿ ಮೇಲೆ ಏನಿತ್ತು?” ಚಂದ್ರಲೇಖಾ ಕೇಳಿದಳು.

“ಇವಳ ಲಂಗ ಮೇಡಂ. ನಾನು ನೀರು ಚೆಲ್ಲಕ್ಕೆ ಹೋದೆ, ಬೇಲಿ ಸಂದ್ಯಾಗೆ ಯಾರೋ ಸರದಂಗಾಯ್ತು.”

“ಹೋದ ಚೀಲಗಳು ಎಂಥವು?”

“ಮೂರೂ ಒಂದೇ ಸೀರೆದು. ಬದನೆಕಾಯಿ ಬಣ್ಣ, ಹಸಿರಂಚು, ಅಂಚಲ್ಲಿ ಹಂಸ. ಮಿಕ್ಕಿದ್ದ ಅಂಚಲ್ಲಿ ಇವಳಿಗೆ ಲಂಗ ಹೊಲಿಸ್ದೆ.” ಹೇಳುತ್ತಿದ್ದ ಹಾಗೇ ಅವಳಿಗೆ ತನ್ನ ಮಾತಿನ ಅರ್ಥ ಹೊಳೆಯಿತು. ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

ಮಗು ಆ ಲಂಗವನ್ನೇ ಉಟ್ಟಿತ್ತು.

ದೂರನ್ನು ವನಿತಾ ಕನ್ನಡದಲ್ಲಿ ಹೇಳಿದಳು, ತಮಿಳುನಾಡಿನ ಠಾಣೆಯಾದ್ದರಿಂದ ರೈಟರ್ ತಮಿಳಿನಲ್ಲಿ ಬರೆದುಕೊಂಡ. ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ವಿಳಾಸಗಳು ಯಾರಿಗೆ ಗೊತ್ತು ಎಂಬ ಪ್ರಶ್ನೆಗೆ ವನಿತಾ, ತನಗೆ, ಪಾರ್ಸಲ್ ಆಫೀಸಿನವರಿಗೆ, ಹೊಲಿಗೆಯ ಮುನಿಲಕ್ಷ್ಮಿಗೆ ಎಂದಳು. ಮುನಿಲಕ್ಷ್ಮಿ ಮನೆಯ ಹುಡುಗಿಯ ಹಾಗೆ ಎಂದೂ ಸೇರಿಸಿದಳು. ಚಂದ್ರಲೇಖಾ ಪಾರ್ಸಲ್ ಆಫೀಸಿನ ಕೆಳಗೆ ಗೆರೆ ಎಳೆದಳು.

ಲಂಗವನ್ನು ಆಗಲೇ ವಶಕ್ಕೆ ತೆಗೆದುಕೊಳ್ಳಬೇಕಿತ್ತು. ಆದರೆ ಮಗು ನೆರಿಗೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅತ್ತ ಅಳುವಿಗೆ ಠಾಣೆಯೇ ತಿರುಗಿ ನೋಡಿತು. ನಾಳೆ ಬಿಚ್ಚಿಸಿ ಕೊಡು ಎಂದು ತಾಯಿಗೆ ಹೇಳಿ ಚಂದ್ರಲೇಖಾ ಸುಮ್ಮನಾದಳು.

ಅವರು ಹೋದ ಮೇಲೆ ಹೆಡ್ ಕಾನ್ಸ್‌ಟೇಬಲ್ ಆವುಲಪ್ಪ ಗಂಟನ್ನು ಪೆನ್ನಿನ ತುದಿಯಿಂದ ದೂರ ಸರಿಸಿದ. ಮೈಮೇಲೆ ಇಪ್ಪತ್ತು ವರ್ಷದ ಖಾಕಿ ಇದ್ದರೂ ಹಣೆಯಲ್ಲಿ ಬೆವರು.

“ಮಾಟವೇ ಮೇಡಂ ಇದು.”

“ಮಾಟಕ್ಕೆ ನಿಂಬೆಹಣ್ಣು, ಸೂಜಿ, ಕೂದಲು ಇಡ್ತಾರೆ ಆವುಲಪ್ಪ. ಇದು ಅಲ್ಲ.”

ಇಷ್ಟು ಹೇಳಿ ಅವಳು ಉಳಿದದ್ದನ್ನು ನುಂಗಿಕೊಂಡಳು. ಅವಳು ತೊರಪಲ್ಲಿ ಅಗ್ರಹಾರದಲ್ಲಿ ಬೆಳೆದವಳು. ದೊಡ್ಡಮ್ಮ ತೀರಿಕೊಂಡಾಗ ಹೆಣದ ಮಡಿಲಿಗೆ ಇಟ್ಟದ್ದು ಇವನ್ನೇ: ಅರಿಸಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ. ಮುತ್ತೈದೆಯಾಗಿ ಸತ್ತವಳಿಗೆ ಕೊಡುವ ಕಡೆಯ ಮರ್ಯಾದೆ. ಆರು ವರ್ಷದ ಮಗುವಿನ ಅಳತೆಗೆ ಅದನ್ನು ಯಾರು ಸಿದ್ಧಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಯೋಚಿಸುತ್ತ ಅವಳಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಗುರುವಾರ ವನಿತಾಳ ಮನೆಯಲ್ಲಿ ಸ್ಥಳ ಮಹಜರು. ಪಕ್ಕದ ಮನೆಯ ಪಾಪಯ್ಯ, ಟೊಮೇಟೊ ತೋಟದ ವೆಂಕಟರಾಮಪ್ಪ ಪಂಚರಾಗಿ ಸಹಿ ಹಾಕಿದರು. ಬೇಲಿಯ ಸಂದಿಯಲ್ಲಿ ಚಪ್ಪಲಿಯ ಗುರುತು ಸಿಕ್ಕಿತು, ಚಿಕ್ಕ ಪಾದದ್ದು. ಒಳಗೆ ಹೊಲಿಗೆ ಮಿಷಿನ್ನಿನ ಮುಂದೆ ಮುನಿಲಕ್ಷ್ಮಿ ಕೂತಿದ್ದಳು. ಇಪ್ಪತ್ತಮೂರು ವರ್ಷ, ಐದು ತಿಂಗಳ ಬಸುರಿ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ಆ ಸೀರೆ ಕತ್ತರಿಸಿದ್ದು ಯಾರು?”

“ನಾನೇ.”

“ಎಲ್ಲಿಂದ ಬಂತು?”

“ಅಕ್ಕ ತಂದಿದ್ದು. ನಂಗ್ ಗೊತ್ತಿಲ್ಲ.”

“ಯಾರಾದ್ರೂ ಬಂದು ಅದನ್ನ ಕೇಳಿದ್ರಾ?”

“ಇಲ್ಲ.” ದಾರ ಕತ್ತರಿಸಿ ಅವಳೇ ಕೇಳಿದಳು: “ಚೀಲ ಸಿಕ್ಕಿದ್ರೆ ಪೊಲೀಸ್ನೋರು ಅದನ್ನ ಏನ್ ಮಾಡ್ತಾರೆ ಮೇಡಂ?”

ಕೋರ್ಟಿಗೆ ಕೊಡುತ್ತೇವೆ ಎಂದಾಗ ಹುಡುಗಿ ತಲೆ ತಗ್ಗಿಸಿ ಮಿಷಿನ್ ತುಳಿಯತೊಡಗಿದಳು. ಬಸುರಿ, ಹೆದರಿದ್ದಾಳೆ ಎಂದುಕೊಂಡ ಚಂದ್ರಲೇಖಾ ಆ ದಿನದ ಉಳಿದ ಭಾಗವನ್ನು ಪಾರ್ಸಲ್ ಆಫೀಸಿನಲ್ಲಿ ಕಳೆದಳು. ಅಲ್ಲಿನ ಹುಡುಗರ ಬೈಕು, ಹೆಲ್ಮೆಟ್ಟು, ಫೋನಿನ ಕರೆ ಎಲ್ಲ ಜಾಲಾಡಿದರೂ ಏನೂ ಗಿಟ್ಟಲಿಲ್ಲ. ಲಂಗ ವಶಕ್ಕೆ ಪಡೆಯುವ ಕೆಲಸ ಆ ಗಡಿಬಿಡಿಯಲ್ಲಿ ಮತ್ತೆ ಉಳಿಯಿತು.

ಶುಕ್ರವಾರ ಮಗುವನ್ನು ಶಾಲೆಗೆ ಕಳಿಸಬೇಡ ಎಂದು ವನಿತಾಳಿಗೆ ಹೇಳಿದ್ದಾಗಿತ್ತು. ಮುಂಬಾಗಿಲಿಗೆ ಆವುಲಪ್ಪನ ಕಾವಲು. ವನಿತಾ ಹೊಸೂರಿಗೆ ಹೋಗಿ ಕೈ ಮುರಿದುಕೊಂಡವಳನ್ನು ನೋಡಿಕೊಂಡು ಬರಬೇಕಿತ್ತು. ಮನೆಯಲ್ಲಿ ಮುನಿಲಕ್ಷ್ಮಿ ಇರುತ್ತಾಳೆ, ಮಗು ಅವಳ ಹತ್ತಿರ ಹಾಯಾಗಿರುತ್ತೆ ಎಂದು ಫೋನ್ ಮಾಡಿದಾಗ ಚಂದ್ರಲೇಖಾಳಿಗೂ ಜೀವ ನಿರಾಳವಾಯಿತು.

ಅವಳು ಬಳೆಗಳನ್ನು ತೆಗೆದುಕೊಂಡು ಉದ್ದನಪಲ್ಲಿಯ ಬೀದಿಗೆ ಇಳಿದಳು. ಮೊದಲ ಎರಡು ಅಂಗಡಿಯವರು ತಮ್ಮದಲ್ಲ ಎಂದರು. ಮೂರನೆಯ ಅಂಗಡಿಯ ನಾರಾಯಣಸ್ವಾಮಿ ಬಳೆಯನ್ನು ನೋಡಿದ ಕೂಡಲೇ ತಲೆಯಾಡಿಸಿದ. ಸೋಮವಾರ ಮಾರಿದ್ದು, ನಿನ್ನೆ ಸಂಜೆ ಮತ್ತೆ ಅದೇ ಅಳತೆಯವನ್ನು. ಕೊಂಡವಳು ಮಗುವಿನ ಹಳೇ ಬಳೆಯೊಂದನ್ನು ಅಳತೆಗೆ ತಂದಿದ್ದಳು. ಅದಕ್ಕೂ ಮೊದಲು ದೊಡ್ಡ ಬಳೆಗಳನ್ನು ಮೂರು ಸಲ ಒಯ್ದಿದ್ದಳು.

“ಯಾರು ಗೊತ್ತಾ?”

“ಗೊತ್ತಿಲ್ದೆ ಏನ್ ಮೇಡಂ. ನಮ್ ವನಿತಾ ತಾವ ಹೊಲಿಗೆ ಹಾಕ್ತಾಳಲ್ಲ, ಆ ಬಸುರಿ ಹೆಣ್ಣು.”

ಚಂದ್ರಲೇಖಾ ಅಲ್ಲೇ ನಿಂತು ಆವುಲಪ್ಪನಿಗೆ ಫೋನ್ ಮಾಡಿ ಒಳಗೆ ಹೋಗಿ ಮಗುವನ್ನು ನೋಡು ಎಂದಳು. ಅವನ ಬೂಟಿನ ಸದ್ದು ಫೋನಿನಲ್ಲಿ ಕೇಳಿಸಿತು, ಒಂದು ಬಾಗಿಲು, ಇನ್ನೊಂದು ಬಾಗಿಲು. ಆಮೇಲೆ ಅವನ ಉಸಿರು ಮಾತ್ರ.

“ಇಲ್ಲ ಮೇಡಂ. ಹಿಂದ್ಗಡೆ ಬಾಗ್ಲು ತೆಗ್ದೈತೆ.”

ತುಸು ಮುಂಚೆ ಮುನಿಲಕ್ಷ್ಮಿ ಮಗುವಿನ ಕೈ ಹಿಡಿದು ಹಿತ್ತಲಿಂದ ತೋಟದ ಕಡೆ ಹೋಗುವುದನ್ನು ಅವನು ನೋಡಿದ್ದ. ಕಾಯಬೇಕಾದದ್ದು ಒಳಗೆ ಬರುವವರನ್ನು ಎಂದು ತಿಳಿದಿದ್ದ ಆ ಮಹಾರಾಯ ಮಗುವಿಗೆ ಟಾಟಾ ಕೂಡ ಮಾಡಿದ್ದ.

ಆವುಲಪ್ಪನನ್ನು ಹತ್ತಿಸಿಕೊಂಡು ಜೀಪು ತೋಟದ ದಾರಿಯಲ್ಲಿ ಎಷ್ಟು ದೂರ ಹೋಗಬಹುದೋ ಅಷ್ಟು ಹೋಗಿ ನಿಂತಿತು. ಅಲ್ಲಿಂದ ಓಟ. ಫ್ಯಾಕ್ಟರಿ ಷಿಫ್ಟಿಗೆ ಹೋಗುವವರು ಹೋಗಿ, ಹೊಲದವರು ಹೊಲ ಸೇರಿ, ಊರಿಗೆ ಊರೇ ಬಿಕೋ ಎನ್ನುತ್ತಿತ್ತು. ಕೂಗಿದರೂ ಕೇಳುವವರಿಲ್ಲ. ಟೊಮೇಟೊ ಸಾಲಿನ ನಡುವೆ ಒಂದು ಪುಟ್ಟ ಚಪ್ಪಲಿ ಬಿದ್ದಿತ್ತು. ಚಂದ್ರಲೇಖಾ ಅದನ್ನು ಎತ್ತಿಕೊಂಡು ಓಡಿದಳು. ಆ ಲಂಗವನ್ನು ನಾನು ಬುಧವಾರವೇ ತೆಗೆದುಕೊಂಡಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ದಾರಿಯ ಬಾವಿಯನ್ನು ಅವಳು ಬಗ್ಗಿ ನೋಡಿದಳು. ನೀರು ಕದಡಿರಲಿಲ್ಲ.

ತೋಟದಾಚೆಯ ಮುನಿಲಕ್ಷ್ಮಿಯ ಮನೆಯ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಒಳಗೆ ಪರ್ ಪರ್ ಎಂದು ದಾರ ಹರಿಯುವ ಸದ್ದು. ಆವುಲಪ್ಪ ಭುಜ ಕೊಟ್ಟ, ಚಿಲಕ ಕಿತ್ತು ಬಂತು.

ಲಿಖಿತಾ ಚಾಪೆಯ ಮೇಲೆ ಕೂತು ಕಜ್ಜಾಯ ತಿನ್ನುತ್ತಿದ್ದಳು. ಮೈಮೇಲೆ ಹೊಸ ಕೆಂಪು ಲಂಗ, ಹಣೆಯಲ್ಲಿ ಕುಂಕುಮ, ಕೈ ತುಂಬ ಹಸಿರು ಬಳೆ. ಪೊಲೀಸರನ್ನು ನೋಡಿ ಬಳೆ ಅಲ್ಲಾಡಿಸಿ ತೋರಿಸಿದಳು. ಪಕ್ಕದಲ್ಲಿ ಮುನಿಲಕ್ಷ್ಮಿ ಹಳೇ ಲಂಗದ ಹೊಲಿಗೆಯನ್ನು ಉಗುರಿನಲ್ಲಿ ಬಿಚ್ಚುತ್ತಿದ್ದಳು. ಮುಂದೆ ಮೂರು ಚೀಲಗಳ ಬಟ್ಟೆ ಜೋಡಿಸಿತ್ತು, ಮುಕ್ಕಾಲು ಸೀರೆ ಆಗಿತ್ತು. ಅವಳು ಎದ್ದು ಓಡಲಿಲ್ಲ.

“ಇನ್ನೊಂದು ತುಂಡು ಮೇಡಂ. ಇದೊಂದು ಕೂಡಿಸ್ಬುಡ್ತೀನಿ, ಆಮ್ಯಾಕೆ ಎಲ್ಲಿಗ್ ಕರುದ್ರೂ ಬತ್ತೀನಿ.”

ಚಂದ್ರಲೇಖಾ ಮಗುವನ್ನು ಎತ್ತಿಕೊಂಡಳು. ಮಧ್ಯಾಹ್ನ ಎರಡು ಗಂಟೆಗೆ ಬಂಧನ. ಅರ್ಧ ಗಂಟೆಯಲ್ಲಿ ಮುನಿಲಕ್ಷ್ಮಿಯ ತಮ್ಮ ತಿಲಕ್ ಬೈಕು, ಹೆಲ್ಮೆಟ್ಟಿನ ಸಮೇತ ಸಿಕ್ಕಿದ. ಅಕ್ಕ ಅಳುತ್ತಿದ್ದಳು, ಅದಕ್ಕೇ ಮಾಡಿದೆ ಎಂದ.

ಠಾಣೆಯಲ್ಲಿ ಮುನಿಲಕ್ಷ್ಮಿಯ ಹೇಳಿಕೆಯನ್ನು ಚಂದ್ರಲೇಖಾಳೇ ಬರೆದುಕೊಂಡಳು. ಗಂಡ ಮಾದೇಶನ ತಾತನ ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಹೋದವಳು, ಮುತ್ತೈದೆ. ಅವಳ ಹೆಸರಿನ ಸೀರೆ ಅಟ್ಟದ ಪೆಟ್ಟಿಗೆಯಲ್ಲಿತ್ತು. ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಗೆ, ಮನೆಯ ಹಿರಿಯ ಹೆಂಗಸು ಮಾತ್ರ ಅದನ್ನು ತೆಗೆದು ಎಡೆ ಇಡುತ್ತಾಳೆ. ಗಂಡಸರು ನೋಡುವ ಹಾಗಿಲ್ಲ. ಹೊಸ ಸೊಸೆಗೆ ತೋರಿಸುವುದು ಮೂರನೇ ವರ್ಷಕ್ಕೆ. ಅತ್ತೆ ಅಶ್ವತ್ಥಮ್ಮ ಮಗಳ ಬಾಣಂತನಕ್ಕೆ ಅಂಚೆಟ್ಟಿಗೆ ಹೋಗಿದ್ದಾಗ ಮನೆಗೆ ಸುಣ್ಣ ಹೊಡೆಸಲು ಮಾದೇಶ ಅಟ್ಟ ಖಾಲಿ ಮಾಡಿದ. ಬಟ್ಟೆಯ ಹಳೇ ಪೆಟ್ಟಿಗೆ ಎಂದು ಗುಜರಿ ಗಾಡಿಯವನಿಗೆ ಕೊಟ್ಟ. ಗಾಡಿಯವನಿಂದ ರಾಯಕೋಟೆ ಅಂಗಡಿಗೆ, ಅಲ್ಲಿಂದ ವನಿತಾಳ ಮನೆಗೆ. ಅಲ್ಲಿ ಅದನ್ನು ಮೇಜಿನ ಮೇಲೆ ಹರಡಿ ಕತ್ತರಿ ಹಾಕಿದವಳು ಅದೇ ಮನೆಯ ಸೊಸೆ.

ಅತ್ತೆ ಊರಿಂದ ಬಂದು, ಈ ಸಲ ನಿಂಗೂ ದೊಡ್ಡವಳ ಸೀರೆ ತೋರಿಸ್ತೀನಿ, ಬದನೆಕಾಯಿ ಬಣ್ಣ, ಅಂಚಲ್ಲಿ ಹಂಸ ಎಂದಾಗ ಮುನಿಲಕ್ಷ್ಮಿ ಕೈಯಲ್ಲಿದ್ದ ಸೊಪ್ಪಿನ ತಟ್ಟೆ ಬಿಟ್ಟಳು. ಅವತ್ತಿನಿಂದ ನಿದ್ದೆಯಿಲ್ಲ. ಹೆರಿಗೆಯಲ್ಲಿ ಹೋದವಳು, ತನ್ನ ಹೊಟ್ಟೆಯಲ್ಲಿ ಇರುವುದನ್ನು ಬಿಡುತ್ತಾಳೆಯೇ? ಅಮಾವಾಸ್ಯೆಯೊಳಗೆ ತುಂಡುಗಳನ್ನೆಲ್ಲ ಕೂಡಿಸಿ ಇಟ್ಟುಬಿಡಬೇಕು, ಅಷ್ಟೇ.

“ಗಂಟು ಯಾಕೆ ಇಟ್ಟೆ?”

“ಮುತ್ತೈದೇರ, ಹೆಣ್ಮಕ್ಳ ಕೈಯಿಂದ ಸೀರೆ ತಕ್ಕಂಡು ಬರೀ ಮಡ್ಲು ಬಿಟ್ಟು ಬರಕ್ಕಾಯ್ತದಾ ಮೇಡಂ? ಮೊದ್ಲು ಮಡ್ಲು ತುಂಬಿ ಆಮ್ಯಾಕೆ ತಕ್ಕಬೇಕು. ಅವತ್ತು ಹಿತ್ಲಲ್ಲಿ ಇಟ್ಟೆ, ಲಂಗ ತಕ್ಕಳೋ ಹೊತ್ಗೆ ಅಕ್ಕ ಬಂದ್ಬುಟ್ರು.”

“ವನಿತಾನ್ನ ಕೇಳಿದ್ರೆ ಕೊಡ್ತಿದ್ದಳಲ್ಲ?”

“ಕೇಳಿದ್ರೆ ಯಾಕೆ ಅಂತ ಹೇಳ್ಬೇಕು. ಬಾಯ್ಬುಟ್ಟು ಹೇಳುದ್ರೆ ಆ ಸೀರೆಯೋಳು ಬತ್ತಾಳೆ.”

ಒಂದು ಜಿಲ್ಲೆಯ ಹೆಂಗಸರನ್ನು ನಡುಗಿಸಿದ ಗಂಟು ಉಡಿ ತುಂಬಿದ ಮರ್ಯಾದೆಯಾಗಿತ್ತು. ಇಟ್ಟವಳು ಎಲ್ಲರಿಗಿಂತ ಹೆಚ್ಚು ನಡುಗುತ್ತಿದ್ದಳು.

ನಾಲ್ಕು ಗಂಟೆಗೆ ಅಶ್ವತ್ಥಮ್ಮ ಬಂದಳು. ಮೇಜಿನ ಮೇಲೆ ಮೊಹರು ಹಾಕಲು ಇಟ್ಟಿದ್ದ ತುಂಡುಗಳನ್ನು ದೂರದಿಂದ ನೋಡಿ ಗೋಡೆಗೆ ಒರಗಿ ಕೂತಳು.

“ಇಷ್ಟಕ್ಕಾ?” ಎಂದಳು. “ಸೀರೆ ಹೋದ್ರೆ ಹೋಯ್ತು ಕಣವ್ವಾ. ನಮ್ಮತ್ತೆ ಕಾಲ್ದಾಗೆ ಇಲಿ ಕಡೀತು, ನನ್ ಕಾಲ್ದಾಗೆ ಗೆದ್ಲು ಹಿಡೀತು. ಹಳೇದು ನೀರಿಗೆ ಬುಟ್ಟು, ಹೊಸದು ತಂದು ಇಕ್ಕಿ ಕೈ ಮುಗುದ್ವಿ. ಇದು ಮೂರ್ನೇ ಸೀರೆ.”

“ಇದನ್ನ ಸೊಸೆಗೆ ಯಾಕೆ ಹೇಳಲಿಲ್ಲ?”

“ಮೂರ್ ವರ್ಸ ಆಗ್ಬೇಕಲ್ಲವ್ವಾ. ಈ ಅಮಾಸೆಗೆ ಹೇಳೋವ್ಳಿದ್ದೆ.”

ಅಮಾವಾಸ್ಯೆ ಭಾನುವಾರ. ಚಂದ್ರಲೇಖಾ ಒಳಗೆ ಹೋಗಿ ಮುನಿಲಕ್ಷ್ಮಿಗೆ ಅತ್ತೆ ಹೇಳಿದ್ದನ್ನು ಹೇಳಿದಳು. ಹುಡುಗಿ ನಂಬಲಿಲ್ಲ. ಅತ್ತೆ ತನ್ನ ಸಮಾಧಾನಕ್ಕೆ ಹಾಗೆ ಹೇಳುತ್ತಿದ್ದಾರೆ ಎಂದಳು. ಹೊತ್ತು ಮುಳುಗುವ ಮೊದಲು ಹೊಸೂರಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು, ಜೀಪು ಸಿದ್ಧವಾಗಿತ್ತು. ಹತ್ತುವ ಮುಂಚೆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು.

“ಜೈಲ್ನಾಗೆ ಬಾಗ್ಲು ಹೊರ್ಗಡೆಯಿಂದ ಬೀಗ ಹಾಕ್ತಾರಲ್ವಾ ಮೇಡಂ?”

“ಹಾಕ್ತಾರೆ.”

“ಅಂಗಾದ್ರೆ ಅವ್ಳು ಒಳಕ್ಕೆ ಬರಕ್ಕಾಗಲ್ಲ ಅಲ್ವಾ?”

ಬೀಗವನ್ನು ಹೀಗೆ ಕೇಳಿದವರನ್ನು ಚಂದ್ರಲೇಖಾ ತನ್ನ ನೌಕರಿಯಲ್ಲಿ ನೋಡಿರಲಿಲ್ಲ.

“ಬರಲ್ಲ,” ಎಂದಳು.

ಜೀಪು ಊರು ದಾಟಿ ಹೊಸೂರು ರಸ್ತೆ ಹಿಡಿಯುವಷ್ಟರಲ್ಲಿ ಮುನಿಲಕ್ಷ್ಮಿ ಪಕ್ಕದ ಮಹಿಳಾ ಕಾನ್ಸ್‌ಟೇಬಲ್‌ಳ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಚಂದ್ರಲೇಖಾ ಡ್ರೈವರಿಗೆ ನಿಧಾನವಾಗಿ ಹೋಗಲು ಹೇಳಿದಳು.