ಗೊತ್ತಿಲ್ಲವೆಂದ ದೊರೆ

“ಈ ಚಿತ್ರದ ಹಿಂದಿನ ಮುಚ್ಚಳ ಮಾತ್ರ ತೆಗೀಬೇಡಮ್ಮ,” ಎಂದರು ಮುದುಕಿ. “ನಮ್ಮ ಯಜಮಾನರು ತೆಗೆದ್ರು. ಈಗ ಮನೇಲಿ ಒಬ್ಬರಿದ್ದಾರೆ, ನಾನೇ ನಿನ್ನ ಗಂಡ ಅಂತಾರೆ. ಪಾಪ, ಒಳ್ಳೆಯವರೇ. ನನಗೇ ಗುರುತು ಹತ್ತಲ್ಲ.”

ವಸ್ತುಸಂಗ್ರಹಾಲಯದ ದುರಸ್ತಿ ಕೋಣೆಗೆ ಹೊಸದಾಗಿ ಸೇರಿದ್ದ ಅವಳು ನಗು ನುಂಗಿಕೊಂಡಳು. ವಯಸ್ಸಾಯಿತಲ್ಲ, ಅರಳುಮರಳು.

“ಮಾಟಗೀಟ ಇದ್ರೆ ಇರ್ಲಿ ಬಿಡಿ ಅಜ್ಜಿ. ಈ ಕೋಣೇಲಿ ನನಗೂ ಮಾತಿಗೊಬ್ಬರು ಬೇಕು.”

ಅಜ್ಜಿ ನಗಲಿಲ್ಲ. “ಇದರಲ್ಲಿರೋ ದೊರೆ ಇಲ್ಲಿಯ ಒಬ್ಬಳ ಜೊತೆ ಸಂಸಾರ ಹೂಡಿದ್ದ. ಮಗುವೂ ಆಯ್ತು. ಹಡಗು ಹತ್ತೋ ದಿನ ಅವಳು ಮಗೂನ ಎತ್ತಿಕೊಂಡು ಮುಂದೆ ನಿಂತ್ರೆ, ಇವಳ್ಯಾರೋ ಗೊತ್ತಿಲ್ಲ ಅಂದನಂತೆ. ಅವನ ಕೂದಲಿಗೆ ಮಾಟ ಮಾಡಿಸಿ, ಇದರ ಬೆನ್ನಲ್ಲಿ ಇಟ್ಟು ಮುಚ್ಚಿಸಿದಳು. ತೆಗೆದವರನ್ನ ಯಾರು ಜೀವಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದಾರೋ, ಅವರಿಗೇ ಗುರುತು ತಪ್ಪುತ್ತೆ.”

ಅಜ್ಜಿ ಹೋದರು. ಮೇಜಿನ ಮೇಲೆ ಅಂಗೈಯಷ್ಟೂ ಇಲ್ಲದ ಚಿತ್ರ ಉಳಿಯಿತು. ತೆಳು ದಂತದ ಬಿಲ್ಲೆಯ ಮೇಲೆ ಕೆಂಪು ಕೋಟಿನ ಪರಂಗಿ ಸೇನಾಧಿಕಾರಿ. ಎಲ್ಲೋ ಪಕ್ಕಕ್ಕೆ ನೆಟ್ಟ ನೀಲಿ ಕಣ್ಣು. ಗಾಜಿನೊಳಗೆ ಬೂಷ್ಟು ಹಿಡಿದಿತ್ತು. ಮುಚ್ಚಳ ತೆಗೆಯದೆ ಅದನ್ನು ತೆಗೆಯುವಂತಿರಲಿಲ್ಲ. ಸಣ್ಣ ಅಲಗಿನಿಂದ ಮೀಟಿದಳು.

ಸುಟ್ಟ ಕೂದಲ ಕಮಟು ಮೂಗಿಗೆ ಹೊಡೆಯಿತು. ಅದರ ಬೆನ್ನಿಗೇ ಕೊಳೆತ ಸಮುದ್ರದ ವಾಸನೆ. ಒಳಗಿದ್ದ ಹೊಂಬಣ್ಣದ ಕೂದಲ ಎಳೆ ಬೆರಳು ತಾಗಿದ್ದೇ ಬೂದಿಯಾಯಿತು. ಬೆಚ್ಚಗಿತ್ತು, ಈಗಷ್ಟೇ ತಲೆಯಿಂದ ಕತ್ತರಿಸಿದಂತೆ. ಎಲ್ಲೋ ಗೋಡೆಯಾಚೆ ಒಂದು ಎಳೆಗೂಸು ಬಿಕ್ಕಿತು. ಚಿತ್ರ ತಿರುಗಿಸಿದಳು. ದೊರೆಯ ಕಣ್ಣು ಈಗ ನೇರವಾಗಿ ಅವಳನ್ನೇ ನೋಡುತ್ತಿತ್ತು.

ಸಂಜೆ ಶಾಲೆಯ ಆಯಾ ಎಂದಿನಂತೆ ಮಗಳನ್ನು ಕರೆತಂದಳು. ಗಂಡ ತೀರಿಕೊಂಡ ಮೇಲೆ ತಾಯಿಗೆ ಮಗಳು, ಮಗಳಿಗೆ ತಾಯಿ, ಅಷ್ಟೇ ಅವರ ಪ್ರಪಂಚ. ಅವಳು ಕೈಚಾಚಿದಳು. ಮಗು ಆಯಾಳ ಸೆರಗಿನ ಹಿಂದೆ ಅಡಗಿತು.

“ಹೋಗೇ ಪುಟ್ಟಿ, ಅಮ್ಮ ಕರೀತಿದ್ದಾರೆ.”

“ಇವರಲ್ಲ. ನನ್ನ ಅಮ್ಮ ಎಲ್ಲಿ?”

ಆಟವಿರಬೇಕೆಂದು ಎತ್ತಿಕೊಂಡಳು. ಮಗು ಕೊಸರಿತು, ಪರಚಿತು, ಉಸಿರುಗಟ್ಟುವಂತೆ ಅತ್ತಿತು. ಅಮ್ಮನ ತೋಳಲ್ಲೇ ಇದ್ದುಕೊಂಡು ಅಮ್ಮ ಬೇಕೆಂದು ಅತ್ತಿತು. ಕೆಳಗಿಳಿಸಿದ ಮೇಲಷ್ಟೇ ಅಳು ನಿಂತಿತು.

ಆಯಾ ಮಗುವನ್ನು ಪಡಸಾಲೆಗೆ ಕರೆದೊಯ್ದಳು. ತಾಯಿ ಅಜ್ಜಿಯ ಮನೆಗೆ ಫೋನು ಮಾಡಿದಳು. ಎತ್ತಿದ್ದು ಗಂಡಸಿನ ದನಿ.

“ತೆಗೆದ್ಯೇನಮ್ಮ?”

“ಹೂಂ. ನನ್ನ ಮಗಳು…”

“ಒಂದು ದಾರಿ ಇದೆ. ಅವನ ಮುಖ ಅಳಿಸಿಬಿಡು. ಮಗೂಗೆ ಗುರುತು ಬರುತ್ತೆ. ಆದ್ರೆ ನಿನಗೆ ಅದರ ಗುರುತು ಹೋಗುತ್ತೆ.”

“ನೀವ್ಯಾಕೆ ಅಳಿಸಲಿಲ್ಲ?”

“ಧೈರ್ಯ ಬರಲಿಲ್ಲಮ್ಮ. ಅವಳಿಗೆ ನಾನು ಯಾರೂ ಅಲ್ಲ. ನಾನೂ ಮರೆತರೆ ನಮ್ಮಿಬ್ಬರ ಸಂಸಾರ ಯಾರ ನೆನಪಲ್ಲಿ ಉಳಿಯುತ್ತೆ?”

ಪಡಸಾಲೆಯಿಂದ ಮಗುವಿನ ಬಿಕ್ಕು ಕೇಳುತ್ತಲೇ ಇತ್ತು. ಅವಳು ಬಾಗಿಲ ಸಂದಿಯಿಂದ ನೋಡಿದಳು. ಕೆನ್ನೆಯ ಗುಳಿ. ಬಿದ್ದ ಹಲ್ಲಿನ ಜಾಗ. ಹುಬ್ಬಿನ ಮೇಲಿನ ಮಚ್ಚೆ. ಕಣ್ತುಂಬ ನೋಡಿದಳು.

ಹತ್ತಿ ಒದ್ದೆ ಮಾಡಿದಳು. ನೀರುಬಣ್ಣದ ಚಿತ್ರ. ಮೊದಲು ತುಟಿ ಹೋಯಿತು. ಗೋಡೆಯಾಚೆ ಆ ಎಳೆಗೂಸು ಚೀರಿತು. ಕೈ ಸುಟ್ಟಿತು. ಬಿಡಲಿಲ್ಲ. ಮಗಳ ಕೆನ್ನೆಯ ಗುಳಿ, ಹಲ್ಲು, ಮಚ್ಚೆ. ಮೂಗು ಹೋಯಿತು. ಕೆನ್ನೆಯ ಗುಳಿ, ಹಲ್ಲು… ಒಂದು ಕಣ್ಣು. ಕೆನ್ನೆಯ… ಇನ್ನೊಂದು.

ದಂತ ಬೆಳ್ಳಗಾಯಿತು. ಎಲ್ಲ ಸ್ತಬ್ಧ.

“ಅಮ್ಮಾ,” ಎಂದು ಓಡಿಬಂದು ಒಂದು ಮಗು ಅವಳ ಮಡಿಲೇರಿತು. ತನಗೊಬ್ಬ ಮಗಳಿದ್ದಾಳೆಂದು, ಇವಳೇ ಇರಬೇಕೆಂದು ಅವಳಿಗೆ ಗೊತ್ತಿತ್ತು. ಆ ಮುಖದಲ್ಲಿ ಹುಡುಕಿದಳು. ಮುದ್ದಾಗಿತ್ತು. ಯಾರದೋ ಆಗಿತ್ತು.

“ಎಲ್ಲಿ ಹೋಗಿದ್ದೆ?”

“ಇಲ್ಲೇ ಇದ್ದೆನಲ್ಲ.”

ಮಗು ಬೆನ್ನು ತಿರುಗಿಸಿ ಕೂತಿತು. “ಜಡೆ ಬಿಚ್ಚಿಹೋಗಿದೆ, ಹಾಕು.”

ಅವಳು ಬಾಚಣಿಗೆ ಹಿಡಿದು ಕೂದಲು ಬಿಡಿಸಿದಳು. ಕೊನೆಗೆ ಕೇಳಲೇಬೇಕಾಯಿತು. “ಬೈತಲೆ ಯಾವ ಕಡೆಗಮ್ಮಾ?”

ಮಗು ಕಿಲಕಿಲ ನಕ್ಕಿತು. “ಅಮ್ಮಾ, ದಿನಾ ನೀನೇ ತೆಗೆಯೋದಲ್ವಾ?”